ದೊಡ್ಡವ್ವನ ಬಕೆಟ್ಟು, ನನ್ನ ನೆನಪು

ಈಚೆಗೆ ನನಗೆ ನನ್ನ ಮಾತಿನ ಮೇಲೆಯೇ ನಂಬಿಕೆ ಕಡಿಮೆಯಾಗಿದೆ. ಕನ್ನಡಕವನ್ನು ಫ್ರಿಜ್ಜಿನ ಮೇಲೆ ಇಟ್ಟು ಮನೆಯೆಲ್ಲ ಹುಡುಕುವುದು, ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ವಾಪಸು ಬರುವುದು, ಇವನ್ನೆಲ್ಲ ವಯಸ್ಸಿನ ಬಾಬತ್ತು ಎಂದು ಬಿಡಬಹುದಿತ್ತು. ಬಚ್ಚಲಮನೆಯ ನಲ್ಲಿಯ ವಿಚಾರದಲ್ಲಿ ಹಾಗೆ ಬಿಡಲು ಬರಲಿಲ್ಲ.

ನಲ್ಲಿಯೆಂದರೆ ಮಿಕ್ಸರ್. ಒಂದೇ ಹಿಡಿಕೆ; ಎತ್ತಿದರೆ ನೀರು ಬರುತ್ತದೆ, ಒತ್ತಿದರೆ ನಿಲ್ಲುತ್ತದೆ; ಎಡಕ್ಕೆ ತಿರುಗಿಸಿದರೆ ಗೀಸರಿನ ಬಿಸಿನೀರು, ಬಲಕ್ಕೆ ತಣ್ಣೀರು, ನಡುವೆ ನಿಲ್ಲಿಸಿದರೆ ಎರಡೂ ಬೆರೆತ ಹಿತವಾದ ನೀರು. ಗಂಡ ಹೆಂಡಿರ ಜಗಳಕ್ಕೂ ಇಂಥದೊಂದು ಹಿಡಿಕೆ ಇರಬೇಕಿತ್ತು ಎಂದು ಹಾಕಿಸಿದ ಹೊಸತರಲ್ಲಿ ನಾನು ತತ್ವ ಹೇಳಿದ್ದುಂಟು. ದಾಂಡೇಲಿಯ ನಮ್ಮ ಮನೆಯಲ್ಲಿರುವವರು ಮೂವರು: ನಾನು, ಹೆಂಡತಿ ಸುಮಿತ್ರಾ, ಮತ್ತು ಸಾಂಬ್ರಾಣಿಯಿಂದ ಬಂದು ನಮ್ಮಲ್ಲೇ ಉಳಿದಿರುವ ನನ್ನ ತಾಯಿಯ ಅಕ್ಕ, ದೊಡ್ಡವ್ವ. “ಆ ತಿರುಗಣಿ ನನಗ ತಿಳಿಯೂದಿಲ್ಲಪ್ಪ” ಎಂದು ಆಕೆ ಮೊದಲ ದಿನವೇ ಕೈಚೆಲ್ಲಿದ್ದರಿಂದ, ಬೆಳಗ್ಗೆ ಅವಳ ಬಕೆಟ್ಟಿಗೆ ಹದವಾದ ನೀರು ತುಂಬಿ, ಹಿಡಿಕೆಯನ್ನು ನಡುವೆ ಇಟ್ಟು ನಲ್ಲಿ ಮುಚ್ಚಿ ಬರುವ ಕೆಲಸ ನನ್ನದಾಯಿತು. ದೊಡ್ಡವ್ವನ ಜಳಕ ಮುಗಿದ ಮೇಲೆ ಸುಮಿತ್ರಾಳ ಸರದಿ.

ಒಂದು ಬೆಳಗ್ಗೆ ಅವಳು ಬಚ್ಚಲಿನಿಂದ ಮುಂಗೈ ಕೆಂಪಗೆ ಮಾಡಿಕೊಂಡು ಬಂದಳು.

“ಹಿಡಿಕಿ ಪೂರಾ ಎಡಕ್ಕ ಬಿಟ್ಟ ಬಂದೀರಿ.”

“ನಡುವ ಇಟ್ಟಿದ್ದೆ.”

“ಕನ್ನಡಕಾನೂ ಟೇಬಲ್ ಮ್ಯಾಲ ಇಟ್ಟಿದ್ದೆ ಅಂದಿದ್ರಿ.”

ಮರುದಿನವೂ ಅದೇ ಆಯಿತು. ಹಳಿಯಾಳದಿಂದ ಬಂದ ಪ್ಲಂಬರ್ ನಲ್ಲಿ ಬಿಚ್ಚಿ, ತೊಳೆದು, ಮತ್ತೆ ಕೂಡಿಸಿ, “ನಳ ಚಲೋ ಐತ್ರಿ. ನೀವ ಮರತಿರಬೇಕು” ಎಂದು ಸುಮಿತ್ರಾಳ ಪಕ್ಷ ಸೇರಿಕೊಂಡು ಹೋದ. ಅವಳು ಎರಡು ತೀರ್ಮಾನ ಮಾಡಿದಳು. ಸೋಮವಾರ ನನ್ನನ್ನು ಧಾರವಾಡದಲ್ಲಿ ಮರೆವಿಗೆ ಔಷಧ ಕೊಡುವ ಡಾಕ್ಟರಿಗೆ ತೋರಿಸುವುದು ಒಂದು. ಇನ್ನೊಂದನ್ನು ದೊಡ್ಡವ್ವನ ಎದುರೇ ಹೇಳಿದಳು: “ಕಾದ ನೀರು ದೊಡ್ಡವ್ವಾರ ಮೈಮ್ಯಾಲ ಬಿದ್ದಿದ್ರ? ಇನ್ನೊಮ್ಮೆ ಹಿಂಗಾದ್ರ ನಾನ ಒಳಗ ನಿಂತು ಜಳಕಾ ಮಾಡಸ್ತೇನಿ.” ಬತ್ತಿ ಹೊಸೆಯುತ್ತಿದ್ದ ದೊಡ್ಡವ್ವನ ಕೈ ನಿಂತಿತು.

ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಕಾರ್ಖಾನೆಯ ಪ್ರಯೋಗಾಲಯದಲ್ಲಿ ಆಯುಷ್ಯ ಕಳೆದವನು ನಾನು. ಅನುಮಾನವೇ ನನ್ನ ಕಸುಬು. ಆದರೆ ಅಳೆಯುವ ಉಪಕರಣದ ಮೇಲೆಯೇ ಅನುಮಾನ ಬಂದರೆ ಅದನ್ನು ಅಳೆಯುವುದು ಯಾವುದರಿಂದ? ಈ ಪ್ರಶ್ನೆ ತಲೆಯಲ್ಲಿ ಸುತ್ತಿ ಸುತ್ತಿ ಸುಸ್ತಾಯಿತು. ಕೊನೆಗೆ ತಲೆಯನ್ನು ಪಕ್ಕಕ್ಕಿಟ್ಟು ಪೆನ್ಸಿಲ್ ತೆಗೆದುಕೊಂಡೆ. ಹಿಡಿಕೆ ನಡುವೆ ಇದ್ದಾಗ ಅದರ ತುದಿಗೆ ನೇರವಾಗಿ ಟೈಲ್ಸಿನ ಮೇಲೊಂದು ಗೆರೆ ಎಳೆದೆ. ದೊಡ್ಡವ್ವ ಜಳಕ ಮುಗಿಸಿ ಬಂದ ಕೂಡಲೇ ಒಳಗೆ ಹೋಗಿ ನೋಡಿದೆ. ಗೆರೆ ನಡುವೆ ಇತ್ತು, ಹಿಡಿಕೆ ಪೂರ್ತಿ ಎಡಕ್ಕಿತ್ತು.

ನನ್ನ ನೆನಪು ನೆಟ್ಟಗಿದೆಯೆಂದು ಸಂತೋಷಪಡಬೇಕಿತ್ತು; ತಿರುಗಿಸಿದವಳು ದೊಡ್ಡವ್ವ ಎಂದಾದ ಮೇಲೆ ಸುಮ್ಮನೆ ಹೋಗಿ ಮಲಗೋಣ ಅನ್ನಿಸಿತು. ದೊಡ್ಡವ್ವ ಹಿತ್ತಲಿನ ಬಿಸಿಲಿನಲ್ಲಿ ಕೂದಲು ಒಣಗಿಸುತ್ತಿದ್ದಳು.

“ತಿಳಿಯೂದಿಲ್ಲ ಅಂದಿದ್ದಿ. ನಳಾ ನೀನ ತಿರುಗಿಸ್ತೀಯೇನು?”

“ಹೂಂ. ಈಗ ಕಲತೇನಿ. ನೀ ತುಂಬಿದ್ದು ಚೆಲ್ಲಿ ಬ್ಯಾರೆ ಹಿಡ್ಕೋತೇನಿ.”

“ಯಾಕ?”

“ನಿನ್ನ ನಳದಾಗ ಯಾವುದಕ್ಕ ಯಾವುದು ಬೀಳತೈತಿ ಯಾರಿಗೆ ಗೊತ್ತು? ಬಿಸಿನೀರಿಗೆ ತಣ್ಣೀರು ಹಾಕಬೇಕು, ತಮ್ಮಾ. ತಣ್ಣೀರಿಗೆ ಬಿಸಿನೀರು ಹಾಕೂದು ಹೆಣದ ಜಳಕಕ್ಕ.”

“ಮೊದಲ ಬರೂದು ಪೈಪಿನಾಗಿನ ತಣ್ಣೀರ ಅಲ್ಲೇನು?”

“ಅದನ್ನ ತಂಬಗಿಗೆ ಹಿಡದು ಚೆಲ್ತೇನಿ. ಅಷ್ಟೂ ತಿಳಿಯೂದಿಲ್ಲೇನು ನನಗ?”

“ಆಮ್ಯಾಲ ಎಡಕ್ಕ ಯಾಕ ಬಿಡ್ತಿ?”

“ಹಿಂದಿಂದ ಬರಾಕಿ ಸುಮಿತ್ರಾ. ಅವಳಿಗೂ ಬಿಸಿನೀರ ಮೊದಲ ಬರಲಿ ಅಂತ. ಬಾಳಿ ಬದುಕಬೇಕಾದಾಕಿ.”

ನಗಲು ಹೋದವನು ತಡೆದುಕೊಂಡೆ. ಆಮ್ಲಕ್ಕೆ ನೀರು ಸುರಿಯಬಾರದು, ನೀರಿಗೆ ಆಮ್ಲವನ್ನು ನಿಧಾನವಾಗಿ ಸುರಿಯಬೇಕು ಎಂದು ಆಯುಷ್ಯವಿಡೀ ಕಿರಿಯರಿಗೆ ಗದರಿಸಿ ಹೇಳಿದವನು ನಾನು. ನನ್ನ ನಿಯಮ ಮುಖ ಸುಡದಿರಲಿಕ್ಕೆ. ಅವಳದು ಯಾತಕ್ಕೆ ಎಂದು ಕೇಳಬಹುದಿತ್ತು.

“ಸುಮಿತ್ರಾಗ ಹೇಳಬ್ಯಾಡ” ಎಂದಳು ದೊಡ್ಡವ್ವ, ಕೂದಲು ಸಿಕ್ಕು ಬಿಡಿಸುತ್ತಲೇ. “ಒಳಗ ಬಂದು ನಿಲ್ತಾಳ. ನಿಮ್ಮವ್ವನೂ ನನ್ನ ಬರೀ ಮೈ ನೋಡಿದಾಕಿ ಅಲ್ಲ.”

ಹೇಳಿದ್ದರೆ ನನ್ನ ನೆನಪಿನ ಮೇಲಿನ ಆರೋಪ ಅಂದೇ ತೊಳೆದುಹೋಗುತ್ತಿತ್ತು. ಹೇಳುವ ಬದಲು ಬಚ್ಚಲಿಗೆ ಹೋಗಿ ಸ್ಟೂಲ್ ಹತ್ತಿ, ಗೀಸರಿನ ಕೆಳಗಿನ ಕಾವಿನ ಗುಂಡಿಯನ್ನು ಸಾಕಷ್ಟು ತಗ್ಗಿಸಿದೆ. ಈಗ ಹಿಡಿಕೆ ಪೂರಾ ಎಡಕ್ಕಿದ್ದರೂ ಯಾರ ಕೈಯೂ ಸುಡುವುದಿಲ್ಲ. ಪೆನ್ಸಿಲ್ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿದೆ.

ಮರುದಿನ ಸುಮಿತ್ರಾ ತಲೆಗೆ ಟವೆಲ್ ಸುತ್ತಿಕೊಂಡು ಬಂದು ನಿಂತಳು.

“ಮತ್ತ ಎಡಕ್ಕ ಬಿಟ್ಟೀರಿ. ನೀರು ಮೊದಲಿನಂಗ ಕಾಯವಲ್ದು, ಸುಡಲಿಲ್ಲ ಅಂತ ದೊಡ್ಡವ್ವಾರ ಜಳಕಕ್ಕ ನಾ ನಿಲ್ಲೂದು ತಪ್ಪಿತು. ಗೀಸರ್ ಯಾರು ತಗ್ಗಿಸಿದ್ರು?”

ದೊಡ್ಡವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ನನ್ನತ್ತ ನೋಡಿದಳು.

“ನಾನ ಇರಬೇಕು” ಎಂದೆ. “ನೆನಪಿಲ್ಲ.”

“ಸೋಮವಾರ ಧಾರವಾಡಕ್ಕ ಹೋಗೂದರೆ ನೆನಪೈತೋ ಇಲ್ಲೋ?”

ಅದು ನೆನಪಿದೆ ಎಂದೆ. ದೊಡ್ಡವ್ವ ಮತ್ತೆ ಬತ್ತಿ ಹೊಸೆಯತೊಡಗಿದಳು. ಡಾಕ್ಟರು ಏನು ಕೇಳುತ್ತಾರೋ ಗೊತ್ತಿಲ್ಲ. ಆದರೆ ಇಷ್ಟು ಹದವಾಗಿ ಮರೆಯುವುದಕ್ಕೆ ನೆನಪು ಚೆನ್ನಾಗಿಯೇ ಇರಬೇಕು ಎಂದು ನನ್ನ ಮಟ್ಟಿಗೆ ನಾನೇ ತೀರ್ಮಾನಿಸಿಕೊಂಡಿದ್ದೇನೆ.