ಬೇಕರಿ ಬ್ರೆಡ್ಡು

ಮೊನ್ನೆ ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕಡಲೆಕಾಯಿ ಹುರಿಯುತ್ತಿದ್ದರು. ಸಿಪ್ಪೆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಆಯಮ್ಮ ನೆನಪಾದರು. ಹತ್ತಬೇಕಿದ್ದ ಬಸ್ಸು ಹೊರಟುಹೋಯಿತು.

ಬಡವನಹಳ್ಳಿಯಿಂದಾಚೆ ಒಂದು ಹಳ್ಳಿ ಶಾಲೆಯಲ್ಲಿ ಆಗ ನಾನು ಹೊಸ ಟೀಚರು. ಆಯಮ್ಮ ಅಲ್ಲಿ ಕಸ ಗುಡಿಸುತ್ತಿದ್ದರು. ಮಧುಗಿರಿಯಿಂದ ಖಾಲಿ ಹೊಟ್ಟೆಯಲ್ಲಿ ಮೊದಲ ಬಸ್ಸಿಗೆ ಬರುತ್ತಿದ್ದ ನನಗೆ ದಿನಾ ಎರಡು ಬ್ರೆಡ್ಡಿನ ನಡುವೆ ಕಡಲೆಕಾಯಿ ಚಟ್ನಿ ಸವರಿ, ಹಸಿ ಈರುಳ್ಳಿ ಇಟ್ಟು, ಅಂಗೈಯಲ್ಲಿ ಒತ್ತಿ ಕೊಡುತ್ತಿದ್ದರು. ಅಷ್ಟೇ. ಖಾರ ಮೆಲ್ಲಗೆ ಬ್ರೆಡ್ಡಿಗೆ ಇಳಿದು... ಆ ರುಚಿ ಮತ್ತೆಲ್ಲೂ ಸಿಕ್ಕಿಲ್ಲ. ಪುಸ್ತಕದ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ತಿನ್ನುತ್ತಿದ್ದೆ. ಆಯಮ್ಮನದು ಊರಾಚೆಯ ಕೇರಿ, ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ. ತಿನ್ನುವುದನ್ನು ಬಿಡಲೂ ಇಲ್ಲ, ಯಾರಿಗೂ ಹೇಳಲೂ ಇಲ್ಲ.

ಅಷ್ಟರಲ್ಲಿ ಬಿಸಿಯೂಟದ ಅಡುಗೆಯವರ ಜಾಗ ಖಾಲಿಯಾಯಿತು. ಆಯಮ್ಮ ಆಸೆಪಟ್ಟರು. ಅವರು ಬೇಯಿಸಿದರೆ ನಮ್ಮ ಮಕ್ಕಳು ಉಣ್ಣುವುದಿಲ್ಲವೆಂದು ಊರಲ್ಲಿ ಗುಸುಗುಸು ಎದ್ದಿತ್ತು. ಯಾರನ್ನು ಸೇರಿಸಿಕೊಳ್ಳುವುದೆಂದು ತೀರ್ಮಾನಿಸಲು ಶಾಲೆಯಲ್ಲಿ ಊರವರ ಸಭೆ ಕರೆದಿದ್ದರು.

"ಮೇಡಂ, ಸಭೇಲಿ ನೀವೊಂದ್ ಮಾತು ಹೇಳ್ಬುಡಿ, ನನ್ ಕೈ ಅಡ್ಗೆ ತಿಂದಿದೀನಿ ಅಂತ. ನೀವೇ ತಿಂದ್ರೆ ಮಿಕ್ಕೋರು ಸುಮ್ಕಾಯ್ತಾರೆ."

ಹೇಳ್ತೀನಿ ಎಂದೆ. ಬಾಯಲ್ಲಿ ಅವರದೇ ಚಟ್ನಿ ಇತ್ತು.

ಸಭೆಯಲ್ಲಿ ಊರಿನ ಯಜಮಾನರೊಬ್ಬರು ಕೇಳಿಯೇಬಿಟ್ಟರು. "ಏನ್ ಮೇಡಂ, ಅವ್ಳ ಕೈಲಿ ಇಸ್ಕಂಡು ತಿಂತೀರಂತೆ? ನಿಮ್ ಮನೇಲಿ ಗೊತ್ತಾ?"

ಬೇಕರಿ ಬ್ರೆಡ್ಡನ್ನು ಯಾರು ತಂದುಕೊಟ್ಟರೂ ಆ ಊರಲ್ಲಿ ಮೈಲಿಗೆಯಿರಲಿಲ್ಲ. ಮನೆಯಲ್ಲಿ ರುಬ್ಬಿದ್ದಕ್ಕೆ ಮಾತ್ರ ಇತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

"ಬರೀ ಬ್ರೆಡ್ಡು ತರಿಸ್ಕೊಂಡಿದ್ದೆ. ಬೇಕರೀದು" ಎಂದೆ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಯಮ್ಮ ಪೊರಕೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅಡುಗೆ ಕೆಲಸ ಬೇರೆಯವರ ಪಾಲಾಯಿತು.

ಮರುದಿನ ನನ್ನ ಮೇಜಿನ ಮೇಲೆ ಬೇಕರಿಯ ಕವರು. ಒಳಗೆ ಎರಡು ತುಂಡು ಒಣ ಬ್ರೆಡ್ಡು.

"ಬೇಕರೀದೇ ಕಣಮ್ಮ. ನಾನು ಮುಟ್ಟಿಲ್ಲ, ತಿನ್ನಿ."

ಹಸಿವಾಗಿತ್ತು, ತಿಂದೆ. ನನಗೆ ವರ್ಗವಾಗುವವರೆಗೂ ಒಂದು ದಿನ ತಪ್ಪದೆ ಆ ಕವರು ಇಟ್ಟರು. ಚಟ್ನಿ ಮಾತ್ರ ಮತ್ತೆ ಬರಲಿಲ್ಲ. ಕೇಳುವ ಮುಖ ನನಗೆಲ್ಲಿತ್ತು?

ಈಗ ಆಯಮ್ಮ ಇಲ್ಲ. ಹೋದ ಸುದ್ದಿಯೂ ನನಗೆ ಮುಟ್ಟಿದ್ದು ತಡವಾಗಿ... ಮೊನ್ನೆ ಆ ಹುರಿದ ಕಾಯನ್ನೇ ತಂದು, ರುಬ್ಬಿ, ಬ್ರೆಡ್ಡಿಗೆ ಸವರಿ, ಈರುಳ್ಳಿ ಇಟ್ಟು, ಅವರಂತೆಯೇ ಅಂಗೈಯಲ್ಲಿ ಒತ್ತಿದೆ. ಮಗಳು ಬಾಯಿ ಚಪ್ಪರಿಸಿ, "ಯಾರಮ್ಮ ಕಲಿಸಿದ್ದು?" ಎಂದಳು.

"ಯಾರೂ ಇಲ್ಲ, ನಾನೇ" ಎಂದುಬಿಟ್ಟೆ.