ಅಕ್ಕ ಕೆಸರಿನಲ್ಲಿ ಲಾರಿ ಓಡಿಸಿದ್ದು

ಚನ್ನರಾಯಪಟ್ಟಣದಲ್ಲಿ ಚಿಕ್ಕಪ್ಪನ ಮಗಳ ಮದುವೆ ಮುಗಿಸಿಕೊಂಡು ಛತ್ರದ ಮೆಟ್ಟಿಲು ಇಳಿಯುವಾಗ ಅಕ್ಕ ಜಾರಿ ಬಿದ್ದಳು. ಬಲಗಾಲಿನ ಹರಡಿನ ಹತ್ತಿರ ಮೂಳೆ ಮುರಿಯಿತು. ಹಾಸನದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಪ್ಲೇಟು ಕೂರಿಸಿದರು. ಮುಂದಿನ ಎಕ್ಸ್‌ರೇ ನೋಡುವವರೆಗೂ ಆ ಕಾಲನ್ನು ನೆಲಕ್ಕೆ ಊರಲೇಕೂಡದು ಅಂದರು ಡಾಕ್ಟರು.

ಅಕ್ಕನ ಮನೆ ಇರುವುದು ಅರಕಲಗೂಡಿನಿಂದ ಸ್ವಲ್ಪ ಆಚೆ, ಹೊಲದ ಪಕ್ಕದಲ್ಲೇ. ಬಚ್ಚಲಿಗೆ ಹೋಗಬೇಕಾದರೂ ಅಂಗಳ ದಾಟಬೇಕು. ಬಾವ ಆಗ ಹೊಗೆಸೊಪ್ಪು ಬೇಯಿಸುವುದರಲ್ಲಿ ಮುಳುಗಿದ್ದರು; ಸೊಪ್ಪು ಒಣಗಿಸುವ ಬ್ಯಾರನ್ನಿನ ಬೆಂಕಿ ಬಿಟ್ಟು ಅತ್ತಿತ್ತ ಹೋಗುವ ಹಾಗಿರಲಿಲ್ಲ. ಹಾಗಾಗಿ ನಾನು ಅವಳನ್ನು ಹಾಸನದ ನಮ್ಮ ಮನೆಗೇ ಕರೆದುಕೊಂಡು ಬಂದೆ. ಹಾಲಿನಲ್ಲಿ ಟಿವಿ ಎದುರಿಗೆ ಮಂಚ ಹಾಕಿಸಿದೆ.

ನನಗೆ ಇದ್ದ ಚಿಂತೆ ಅವಳ ಕಾಲಿನದ್ದಲ್ಲ. ಅವಳೂ ನನ್ನ ಗಂಡನೂ ಒಂದೇ ಮನೆಯಲ್ಲಿ ಹೇಗಿರುತ್ತಾರೆ ಎನ್ನುವುದು. ನಮ್ಮದು ವಿಭೂತಿ ಹಚ್ಚುವ ಒಕ್ಕಲು ಮನೆ. ಅವನದು ಹೊಳೆನರಸೀಪುರದ, ದೇವಸ್ಥಾನದ ಪೂಜೆಯನ್ನೇ ನಂಬಿಕೊಂಡು ಬಂದ ಮನೆ. ನಾವಿಬ್ಬರೂ ಇಷ್ಟಪಟ್ಟು ಮದುವೆಯಾದೆವು. ಎರಡೂ ಕಡೆಯವರು ಒಂದಷ್ಟು ದಿನ ಮುನಿಸಿಕೊಂಡು ಆಮೇಲೆ ಸುಮ್ಮನಾದರು. ಅಕ್ಕ ಮುನಿಸಿಕೊಳ್ಳಲೂ ಇಲ್ಲ. ಆದರೆ ಅವನೊಂದಿಗೆ ನೇರವಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅವನು ಎದುರಿಗೇ ಕೂತಿದ್ದರೂ ನನ್ನ ಕಡೆ ತಿರುಗಿ, "ಅವರಿಗೆ ಇನ್ನೊಂದೀಟು ಸಾರು ಬೇಕೇನೋ ಕೇಳೇ" ಅನ್ನುತ್ತಿದ್ದಳು. ಅವನೂ ಅಷ್ಟೇ. ಪಿಯು ಕಾಲೇಜಿನಲ್ಲಿ ದಿನವಿಡೀ ಲೆಕ್ಕ ಹೇಳಿಕೊಡುವವನು ಅಕ್ಕನ ಮುಂದೆ ಮಾತೇ ಬಾರದವನಂತೆ, "ಸಾಕು ಅಂತ ಹೇಳು" ಅಂತ ನನಗೇ ಹೇಳುತ್ತಿದ್ದ. ಮದುವೆಯಾಗಿ ಹತ್ತು ವರ್ಷ ದಾಟಿದ ಮೇಲೂ ಇಬ್ಬರ ನಡುವೆ ನಾನೇ ಟಪಾಲಿನವಳು.

ಸಂಜೆ ಕಾಲೇಜಿನಿಂದ ಬಂದು ಕಾಫಿ ಕುಡಿದು ಸ್ವಲ್ಪ ಹೊತ್ತು ಟಿವಿಗೆ ಜೋಡಿಸಿದ ಗೇಮ್ ಆಡುವುದು ಅವನ ಅಭ್ಯಾಸ. ಅಕ್ಕ ಬಂದ ಮೇಲೆ ಅದನ್ನು ನಿಲ್ಲಿಸಿಬಿಟ್ಟ. ರಿಮೋಟನ್ನು ಅವಳ ದಿಂಬಿನ ಪಕ್ಕ ಇಟ್ಟು, ರೂಮಿಗೆ ಹೋಗಿ ಉತ್ತರಪತ್ರಿಕೆ ತಿದ್ದುತ್ತಾ ಕೂರುತ್ತಿದ್ದ. ಅಕ್ಕನಿಗೋ ಸೀರಿಯಲ್ ನೋಡಿ ಗೊತ್ತಿಲ್ಲ. ಬೆಳಗಾದರೆ ಶುಂಠಿ ಹೊಲ, ಕೊಟ್ಟಿಗೆ, ಆಳುಗಳ ಅಡುಗೆ ಅಂತ ಓಡಾಡಿದವಳು. ಕೂತಲ್ಲೇ ಕೂತು ಅವಳ ಮುಖ ದಿನದಿನಕ್ಕೂ ಬಾಡುತ್ತಾ ಹೋಯಿತು. ಒಂದು ಸಂಜೆ ನನ್ನನ್ನು ಕರೆದು, "ಆ ಟಿವಿ ಕೆಳ್ಗೆ ಕರೀ ಪೆಟ್ಗೆ ಐತಲ್ಲ, ಅದೇನೇ?" ಅಂದಳು.

"ಇವರು ಗೇಮ್ ಆಡೋದು. ಲಾರಿ ಗೇಮು."

"ಅಂಗಾದ್ರೆ ಆಡಾಕೆ ಏಳು ಅವರಿಗೆ. ನಾನಿದೀನಿ ಅಂತ ಯಾಕೆ ಬುಡ್ಬೇಕು. ನಂಗೂ ನೋಡಾಕೆ ಏನಾರ ಆಯ್ತದೆ."

ರೂಮಿನಿಂದ ಅವನಿಗೂ ಕೇಳಿಸಿತ್ತು. ಸಂಕೋಚದಿಂದಲೇ ಬಂದು ಮಂಚದಿಂದ ದೂರಕ್ಕೆ ಕುರ್ಚಿ ಎಳೆದುಕೊಂಡು ಕೂತ.

ಆ ಗೇಮಿನಲ್ಲಿ ರೇಸ್ ಇಲ್ಲ, ಗುಂಡು ಹಾರಿಸುವುದಿಲ್ಲ. ಯಾವುದೋ ದೇಶದ ಕಾಡು, ಜೌಗು ನೆಲ, ಮಳೆಗೆ ಕೊಚ್ಚಿಹೋದ ರಸ್ತೆ. ದೊಡ್ಡ ದೊಡ್ಡ ಲಾರಿಗಳಲ್ಲಿ ಮರದ ದಿಮ್ಮಿ, ಕಬ್ಬಿಣ, ಸಿಮೆಂಟ್ ಹೇರಿಕೊಂಡು ಆ ಕೆಸರಿನಲ್ಲಿ ಸಾಗಿಸಬೇಕು. ಅವತ್ತು ಅವನ ಲಾರಿ ಹಳ್ಳದ ಪಕ್ಕ ಹೂತುಕೊಂಡಿತ್ತು. ಚಕ್ರ ಸುತ್ತುತ್ತದೆ, ಕೆಸರು ಹಾರುತ್ತದೆ, ಲಾರಿ ಕದಲುವುದಿಲ್ಲ. ಅಕ್ಕ ಬಹಳ ಹೊತ್ತು ನೋಡಿ ನನಗೆ ಹೇಳಿದಳು: "ಇಷ್ಟೊತ್ತಿಂದ ಒಂದು ಮಾರು ಮುಂದಕ್ಕೆ ಓಗಿಲ್ಲ ಕಣೆ. ಇದ್ರಲ್ಲಿ ಆಡಾದು ಏನೈತೆ?"

ಅವನು ಟಿವಿಯಿಂದ ಕಣ್ಣು ತೆಗೆಯದೆ ನನಗೆ ಹೇಳಿದ: "ಇದೇ ಆಟ ಅಂತ ಹೇಳು. ಸಿಕ್ಕಿಹಾಕಿಕೊಳ್ಳೋದು, ಬಿಡಿಸಿಕೊಳ್ಳೋದು."

ಲಾರಿಯ ಮುಂದುಗಡೆ ವಿಂಚ್ ಇರುತ್ತದೆ, ರಾಟೆಗೆ ಸುತ್ತಿದ ಉಕ್ಕಿನ ಹಗ್ಗ. ಅದನ್ನು ಎದುರಿನ ಮರಕ್ಕೆ ಕಟ್ಟಿ ರಾಟೆ ಸುತ್ತಿದರೆ ಲಾರಿ ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತದೆ. ಅವನು ಹಾಗೆ ಮಾಡಿದಾಗ ಅಕ್ಕ ದಿಂಬಿನಿಂದ ಬೆನ್ನು ಬಿಡಿಸಿ ನೆಟ್ಟಗೆ ಕೂತಳು.

ಮಾರನೆಯ ದಿನ ನಾನು ಸಹಕಾರ ಸೊಸೈಟಿಯಲ್ಲಿ ನನ್ನ ಕೆಲಸ ಮುಗಿಸಿಕೊಂಡು ಬಂದರೆ ಗೇಮಿನ ಕಂಟ್ರೋಲರ್ ಅಕ್ಕನ ಕೈಯಲ್ಲಿತ್ತು. ಅವನು ಏನೂ ಹೇಳದೆ ಅವಳ ಮುಂದೆ ಹಿಡಿದನಂತೆ, ಅವಳೂ ಏನೂ ಕೇಳದೆ ತೆಗೆದುಕೊಂಡಳಂತೆ. ನಾನು ಬ್ಯಾಗು ಇಳಿಸುವಷ್ಟರಲ್ಲಿ ಅವಳ ಲಾರಿ ದಡದಿಂದ ಜಾರಿ ಹೊಳೆಯೊಳಗೆ ಮಗುಚಿಬಿತ್ತು. ಅಕ್ಕ ಗಾಬರಿಯಿಂದ, "ಅಯ್ಯೋ, ಒಳಗಿದ್ದೋನು ಏನಾದ್ನೋ" ಅಂದಳು.

"ಒಳಗೆ ಯಾರೂ ಇಲ್ಲ, ಅವರೇ ಇರೋದು ಅಂತ ಹೇಳು" ಅಂದ ನನ್ನ ಗಂಡ. ಅಕ್ಕ ನಗತೊಡಗಿದಳು. ಕಾಲು ಅಲುಗಿಸಬಾರದು ಅಂತ ತೊಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅಲ್ಲಿಂದ ಶುರುವಾಯಿತು. ಊರಿನ ಮನೆಯಲ್ಲಿ ಟ್ರ್ಯಾಕ್ಟರ್ ಇದೆ, ಆದರೆ ಅದರ ಸೀಟಿನ ಮೇಲೆ ಕೂರುವುದು ಬಾವ ಇಲ್ಲವೇ ಬಾವನ ತಮ್ಮ. ಅಕ್ಕನ ಪಾಲಿಗೆ ಬಂದದ್ದು ಹಳೆಯ ಮೊಪೆಡ್ಡು. ಈಗ ಅವಳಿಗೆ ಇಡೀ ಗ್ಯಾರೇಜಿನಲ್ಲೇ ದೊಡ್ಡದಾದ, ಎಂಟು ಚಕ್ರದ ಲಾರಿ ಬೇಕು. ಸಣ್ಣ ಗಾಡಿ ಕೊಟ್ಟರೆ, "ಇದು ಬ್ಯಾಡ ಅಂತ ಏಳೇ ಅವರಿಗೆ" ಅನ್ನುವಳು. ಇರುವುದು ಒಂದೇ ಕಂಟ್ರೋಲರ್, ಆದ್ದರಿಂದ ಅವಳು ಓಡಿಸುವಾಗ ಅವನು ದಾರಿ ನೋಡುವುದು, ಅವನು ಓಡಿಸುವಾಗ ಅವಳು ತಪ್ಪು ಹುಡುಕುವುದು. ಮಾತೆಲ್ಲ ಈಗಲೂ ನನ್ನ ಮೂಲಕವೇ. ನಾನು ಅಡುಗೆಮನೆಯಲ್ಲಿದ್ದರೆ ಇಬ್ಬರೂ ಕೂಗಿ ನನಗೆ ಹೇಳುತ್ತಿದ್ದರು.

ಒಂದು ಭಾನುವಾರ ಬೆಳಗಿನಿಂದಲೂ ಮಳೆ. ಊಟವಾದ ಮೇಲೆ ಇಬ್ಬರೂ ದೊಡ್ಡದೊಂದು ಕೆಲಸಕ್ಕೆ ಕೈಹಾಕಿದರು. ಕೊಚ್ಚಿಹೋದ ಸೇತುವೆ ಕಟ್ಟುವುದಕ್ಕೆ ಉದ್ದನೆಯ ಕಬ್ಬಿಣದ ತೊಲೆಗಳನ್ನು ಟ್ರೇಲರ್ ಮೇಲೆ ಹೇರಿಕೊಂಡು ಜೌಗು ಪ್ರದೇಶದ ಆಚೆಗೆ ಮುಟ್ಟಿಸಬೇಕು. ಬಳಸುದಾರಿಯಲ್ಲಿ ಹೋಗೋಣ ಅಂತ ಅವನ ಅಭಿಪ್ರಾಯ. ಅಷ್ಟು ದೂರಕ್ಕೆ ಡೀಸೆಲ್ ಸಾಲುವುದಿಲ್ಲ, ನಡುವೆಯೇ ನುಗ್ಗಬೇಕು ಅಂತ ಅಕ್ಕನದ್ದು. ಅವಳ ಮಾತೇ ನಡೆಯಿತು.

ಅರ್ಧ ದಾರಿಯಲ್ಲಿ ಟ್ರೇಲರ್ ಹೂತಿತು. ವಿಂಚನ್ನು ಮರಕ್ಕೆ ಕಟ್ಟಿದರೆ ಮರವೇ ಬುಡಸಮೇತ ಕಿತ್ತುಬಂತು. ಇನ್ನೊಂದು ಮರ ಹುಡುಕುವಷ್ಟರಲ್ಲಿ ಡೀಸೆಲ್ಲೂ ಮುಗಿಯಿತು. ಆಗ ಕಂಟ್ರೋಲರ್ ಅವನ ಕೈಗೆ ಬಂತು. ಗ್ಯಾರೇಜಿನಿಂದ ಇನ್ನೊಂದು ಲಾರಿಯಲ್ಲಿ ಡೀಸೆಲ್ ತೆಗೆದುಕೊಂಡು ಹೊರಟ. ನಾನು ಬೋಂಡಕ್ಕೆ ಈರುಳ್ಳಿ ಹೆಚ್ಚಲು ಒಳಗೆ ಹೋದೆ.

ಅಷ್ಟರಲ್ಲಿ ಅಕ್ಕನ ಫೋನು ಹೊಡೆದುಕೊಂಡಿತು. ಬಾವ. "ಆಮ್ಯಾಕೆ ಮಾಡ್ತೀನಿ ಇರಿ, ಲಾರಿ ಕೆಸ್ರಲ್ಲಿ ಸಿಕ್ಕಾಕ್ಕೊಂಡೈತೆ" ಅಂತ ಹೇಳಿ ಇಟ್ಟುಬಿಟ್ಟಳು. ತಕ್ಷಣ ನನ್ನ ಫೋನು ಹೊಡೆದುಕೊಂಡಿತು. "ಯಾವ ಲಾರಿ? ನಿಮ್ಮಕ್ಕ ಎಲ್ಲವ್ಳೆ?" ಅಂತ ಬಾವನ ಆತಂಕದ ದನಿ. ಅವರಿಗೆ ವಿವರಿಸಿ ಹೇಳುತ್ತಿರುವಾಗಲೇ ಹಾಲಿನಿಂದ ಅಕ್ಕನ ಕೂಗು ಕೇಳಿತು:

"ಲೋ, ಎಡಕ್ಕೆ ತಿರ್ಗ್ಸೋ. ಬಲಕ್ಕೆ ಓದ್ರೆ ನೀನೂ ಊತ್ಕೋತೀಯ."

ನಾನು ಫೋನು ಕಿವಿಯಲ್ಲಿಟ್ಟುಕೊಂಡೇ ನಿಂತುಬಿಟ್ಟೆ. ಆಮೇಲೆ ನನ್ನ ಗಂಡನ ದನಿ.

"ತಿರುಗಿಸ್ದೆ ಅಕ್ಕ. ಗೇರ್ ಇಳಿಸ್ಲಾ?"

"ಇಳ್ಸು. ನಿದಾನ ಕಣಯ್ಯ."

ಬಾಗಿಲಿನಿಂದ ಇಣುಕಿದೆ. ಅವನು ಕುರ್ಚಿ ಬಿಟ್ಟು ಮಂಚದ ಅಂಚಿಗೆ ಬಂದು ಕೂತಿದ್ದ. ಅಕ್ಕ ಅವನ ಭುಜದ ಮೇಲಿನಿಂದ ಕೈ ಚಾಚಿ ದಾರಿ ತೋರಿಸುತ್ತಿದ್ದಳು. ತಾನು ಏನಂದೆ ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ ಅನ್ನಿಸುತ್ತದೆ. ಅವನಿಗೆ ಮಾತ್ರ ಗೊತ್ತಿತ್ತು, ಕಿವಿ ಕೆಂಪಾಗಿತ್ತು.

ಡೀಸೆಲ್ ತುಂಬಿದರು, ಹಗ್ಗ ಕಟ್ಟಿ ಎಳೆದರು, ಟ್ರೇಲರ್ ಎದ್ದಿತು. ಆದರೆ ಕೊನೆಯ ಏರಿನಲ್ಲಿ, ಸೇತುವೆ ಕಣ್ಣಿಗೆ ಕಾಣಿಸುತ್ತಿರುವಾಗ, ಟ್ರೇಲರ್ ವಾಲಿ ತೊಲೆಗಳೆಲ್ಲ ನೆಲಕ್ಕೆ ಉರುಳಿದವು. ಅವನು ಉಸಿರುಬಿಟ್ಟು, "ಇದನ್ನ ಬಿಟ್ಟುಬಿಡಬಹುದು ಅಕ್ಕ. ಒಂದು ಬಟನ್ ಒತ್ತಿದ್ರೆ ಲಾರಿ ವಾಪಸ್ ಗ್ಯಾರೇಜಿಗೆ ಹೋಗುತ್ತೆ. ನಾಳೆ ಹೊಸದಾಗಿ ಹೇರ್ಕೊಂಡು ಬರೋಣ" ಅಂದ.

"ಇಲ್ಲೀಗಂಟ ತಂದು ಬುಟ್ಬುಟ್ಟು ಓಗಾದಾ? ಕ್ರೇನು ಇಲ್ವಾ ನಿನ್ ತಾವ?"

ಕ್ರೇನ್ ಇರುವ ಲಾರಿಯೊಂದಿತ್ತು. ಅದನ್ನು ಅದೇ ಕೆಸರಿನಲ್ಲಿ ತಂದರು. ಒಂದೊಂದೇ ತೊಲೆ ಎತ್ತಿ ಮತ್ತೆ ಹೇರಿದರು. ಆ ನಿಧಾನದ ಕೆಲಸದ ನಡುವೆ ಇಬ್ಬರೂ ಮಾತಿಗಿಳಿದರು. ಅವನು ಬೋಂಡದ ತಟ್ಟೆಗೆ ಕೈಹಾಕುವುದನ್ನು ನೋಡಿ ಅಕ್ಕ, "ಮದ್ವೆ ಆದ ವಸದ್ರಲ್ಲಿ ನಮ್ಮನೆಗೆ ಬಂದಾಗ ಏನೂ ಉಣ್ಣಲಿಲ್ವಲ್ಲಯ್ಯ ನೀನು. ಒಬ್ಬಟ್ಟು ಮಾಡಿದ್ದೆ. ನಾವು ಮಾಡಿದ್ದು ನಿಂಗೆ ಸೇರಾಕಿಲ್ಲ ಅಂದ್ಕೊಂಡೆ" ಅಂದಳು.

ಅವನು ಆಟ ನಿಲ್ಲಿಸಿದ. "ಅವತ್ತು ಭಯಕ್ಕೆ ಗಂಟಲಲ್ಲಿ ಏನೂ ಇಳೀಲಿಲ್ಲ ಅಕ್ಕ. ನಿಮ್ಮ ಕಡೆಯವರು ಅಷ್ಟು ಜನ ನನ್ನನ್ನೇ ನೋಡ್ತಾ ಕೂತಿದ್ರು. ಒಬ್ಬಟ್ಟು ನನಗೆ ಪ್ರಾಣ."

"ಅಯ್ಯೋ, ಒಂದು ಮಾತು ಅನ್ನಬಾರ್ದಾ" ಅಂದಳು ಅಕ್ಕ. ತಟ್ಟೆಯನ್ನು ಅವನ ಕಡೆಗೆ ಸರಿಸಿದಳು. "ಸರಿ, ಎತ್ತು ಇನ್ನೊಂದ್ ತೊಲೆಯ. ಕತ್ಲಾಗೋದ್ರೊಳಗೆ ಸೇತುವೆ ಮುಗೀಲಿ."

ಸೇತುವೆ ಮುಗಿಯಿತು. ಅಕ್ಕ ತನ್ನ ಲಾರಿಯನ್ನು ಅದರ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ಓಡಿಸಿ ನೋಡಿದಳು. ಆಮೇಲೆ ಬಾವನಿಗೆ ಫೋನು ಮಾಡಿ ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಬಾವ ಅಷ್ಟನ್ನೂ ಕೇಳಿಸಿಕೊಂಡು, "ಕಾಲು ಎಂಗೈತೆ?" ಅಂತ ಮಾತ್ರ ಕೇಳಿದರಂತೆ.

ಅದಾದ ಮೇಲೆ ನಾನು ನಿರುದ್ಯೋಗಿಯಾದೆ. ಕೆಲಸದಿಂದ ಬರುವಷ್ಟರಲ್ಲಿ ಕಾಫಿಯೂ ಆಗಿರುತ್ತಿತ್ತು, ಕಥೆಯೂ ಅರ್ಧ ಆಗಿರುತ್ತಿತ್ತು. ಅವನ ಅಪ್ಪ ಚಿಕ್ಕಂದಿನಲ್ಲಿ ನಸುಕಿನಲ್ಲೇ ಎಬ್ಬಿಸಿ ಹೇಮಾವತಿಯ ತಣ್ಣೀರಲ್ಲಿ ಮುಳುಗಿಸುತ್ತಿದ್ದದ್ದು, ಪೂಜೆಗೆ ಬಾ ಅಂದರೆ ಅವನು ಲೆಕ್ಕದ ಪುಸ್ತಕ ಹಿಡಿದು ಅಡಗುತ್ತಿದ್ದದ್ದು, ಇವೆಲ್ಲ ನನಗೂ ಹೊಸತು. ಅಕ್ಕ ಶಾಲೆ ಬಿಟ್ಟ ದಿನ ಯಾರಿಗೂ ಕಾಣದ ಹಾಗೆ ಹುಲ್ಲಿನ ಮೆದೆಯ ಹಿಂದೆ ಕೂತು ಅತ್ತದ್ದನ್ನು ಅವನಿಗೆ ಹೇಳಿದಳು. ತಂಗಿಯಾಗಿ ಅದು ನನಗೂ ತಿಳಿದಿರಲಿಲ್ಲ. ಇಬ್ಬರೂ ಮುಖ ನೋಡಿಕೊಳ್ಳದೆ, ಎದುರಿಗಿನ ಕೆಸರುದಾರಿ ನೋಡುತ್ತಾ ಮಾತಾಡುತ್ತಿದ್ದುದರಿಂದ ಅಷ್ಟು ಸಲೀಸಾಗಿ ಹೇಳಿಕೊಳ್ಳುವುದಕ್ಕೆ ಆಯಿತೋ ಏನೋ.

ಎಕ್ಸ್‌ರೇ ಚೆನ್ನಾಗಿ ಬಂತು. ವಾಕರ್ ಹಿಡಿದು ಓಡಾಡಿದಳು, ಆಮೇಲೆ ಅದನ್ನೂ ಬಿಟ್ಟಳು. ಅವಳನ್ನು ಊರಿಗೆ ಬಿಟ್ಟುಬರಲು ನನ್ನ ಗಂಡನೇ ಕಾರು ತೆಗೆದ. ಅಕ್ಕ ಮುಂದಿನ ಸೀಟಿನಲ್ಲಿ ಕೂತು, ಅರಕಲಗೂಡು ಬರುವವರೆಗೂ ಯಾವ ಗುಂಡಿಯನ್ನು ಯಾವ ಕಡೆಯಿಂದ ದಾಟಿಸಬೇಕು ಅಂತ ಹೇಳುತ್ತಲೇ ಇದ್ದಳು. ಅವಳು ಹೇಳಿದಂತೆ ಅವನು ಕೇಳಿದ. ನಾನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ನಿದ್ದೆ ಮಾಡಿದೆ.

ಈಗ ಅಕ್ಕನ ಮನೆಯಲ್ಲೂ ಅಂಥದೊಂದು ಕರಿಯ ಪೆಟ್ಟಿಗೆ ಇದೆ. ಬಾವನೇ ತಂದುಕೊಟ್ಟರು. ಭಾನುವಾರ ಮಧ್ಯಾಹ್ನ ಅವಳು ಅಲ್ಲಿಂದ, ಇವನು ಇಲ್ಲಿಂದ, ಇಬ್ಬರೂ ಒಂದೇ ಕಾಡಿನಲ್ಲಿ ಎರಡು ಲಾರಿ ಓಡಿಸುತ್ತಾರೆ. ಇವನು ಕಿವಿಗೆ ಏನೂ ಹಾಕಿಕೊಳ್ಳದೆ ಸ್ಪೀಕರಿನಲ್ಲೇ ಮಾತಾಡುವುದರಿಂದ ಅಕ್ಕನ ದನಿ ನಮ್ಮ ಹಾಲಿಗೆಲ್ಲ ಕೇಳುತ್ತದೆ. ಹಿಂದಿನಿಂದ ಬಾವನ ಸಲಹೆಗಳೂ ಬರುತ್ತವೆ. ಅವನ್ನು ಯಾರೂ ಕೇಳುವುದಿಲ್ಲ.

ಹೋದ ವಾರ ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ದಿಮ್ಮಿ ಹೇರಿಕೊಂಡು ಇಬ್ಬರೂ ಗುಡ್ಡ ಹತ್ತುತ್ತಿದ್ದರು. ಅಕ್ಕ ಇದ್ದಕ್ಕಿದ್ದಂತೆ, "ಲೋ, ಯಾವಾಗ್ಲೂ ಮರ, ಕಬ್ಣ. ಈ ದೇಸ್ದಲ್ಲಿ ಶುಂಠಿ ಬೆಳೆಯಾಕಿಲ್ವಾ?" ಅಂತ ಕೇಳಿದಳು.

"ಇಲ್ಲ ಅನ್ಸುತ್ತೆ ಅಕ್ಕ. ಬರೀ ಹಿಮ ಬೀಳೋ ಜಾಗ."

"ಅಂಗಾದ್ರೆ ಕಷಾಯಕ್ಕೆ ಏನ್ ಮಾಡ್ತಾರೋ ಪಾಪ" ಅಂದಳು ಅಕ್ಕ. ಅವನು ನಕ್ಕ. ಅವನ ಲಾರಿ ಒಂದು ಪಕ್ಕಕ್ಕೆ ಜಾರಿತು, ಅಕ್ಕ ಬೈದಳು, ನಾನು ಕಾಳಿನ ಬಟ್ಟಲು ಎತ್ತಿಕೊಂಡು ಒಳಗೆ ಹೋದೆ.