ದೇವರ ಜಗಲಿ ಏರಿದ ಫಿಲೋಡೆಂಡ್ರಾನ್

ದಾವಣಗೆರೆಯ ನರ್ಸರಿಯಿಂದ ಆ ಕುಂಡವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೊಟ್ಟೂರಿಗೆ ತಂದವಳು ನಾನು. ಹರಪನಹಳ್ಳಿ ಬರುವವರೆಗೂ ಪಕ್ಕದ ಸೀಟಿನ ಹೆಂಗಸು ಎಲೆ ಮುಟ್ಟಿ ಮುಟ್ಟಿ, "ಇದು ಪ್ಲಾಸ್ಟಿಕ್ ಏನ್ರಿ?" ಎಂದು ಕೇಳುತ್ತಲೇ ಇದ್ದಳು. ಅಲ್ಲ ಎಂದರೂ ನಂಬದೆ ಉಗುರಿನಿಂದ ಒಂದೆಲೆ ಗೀರಿ ನೋಡಿದಳು. ನಾನು ಸಿಟ್ಟಿನಿಂದ ಕುಂಡವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ. ಫಿಲೋಡೆಂಡ್ರಾನ್ ಎಂಬ ಉದ್ದ ಹೆಸರಿನ ಗಿಡ ಅದು. ಕಡು ಹಸಿರು ಎಲೆ, ಅದರ ಮೇಲೆ ಯಾರೋ ಪುರುಸೊತ್ತಾಗಿ ಕೂತು ಎಳೆದಂಥ ಬಿಳಿ ಗೆರೆಗಳು. ಪಡಸಾಲೆಯಲ್ಲಿ ಟಿ.ವಿ. ಪಕ್ಕ ಇಟ್ಟು, ಬಂದವರೆಲ್ಲ ಇದ್ಯಾವ ಗಿಡ ಎಂದು ಕೇಳುವಂತೆ ಮಾಡಬೇಕೆಂಬುದು ನನ್ನ ಆಸೆ.

ಅತ್ತೆ ಕುಂಡ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದರು.

"ಅಯ್ಯ ಶಿವನೇ! ಮೈತುಂಬ ವಿಭೂತಿ ಹಚ್ಕೊಂಡು ಬಂದೈತಲ್ಲವಾ ಇದು!"

ಮರುಕ್ಷಣವೇ ಗಿಡ ದೇವರ ಜಗಲಿಯ ಮೇಲಿತ್ತು. ನನ್ನ ಗಂಡ ನಗುತ್ತ ಅಂಗಡಿಗೆ ಹೊರಟುಹೋದರು. ನಮ್ಮಿಬ್ಬರ ನಡುವೆ ಬಾಯಿ ಹಾಕುವ ಮನುಷ್ಯ ಅವರಲ್ಲ.

ನಮ್ಮ ಮನೆಯಲ್ಲಿ ಲಿಂಗಪೂಜೆಯ ನೀರನ್ನು ತುಳಿಯುವ ಜಾಗದಲ್ಲಿ ಚೆಲ್ಲುವುದಿಲ್ಲ, ಗಿಡದ ಬುಡಕ್ಕೇ ಹಾಕುವುದು. ಅಷ್ಟು ದಿನ ಹಿತ್ತಲಿನ ಪತ್ರಿ ಗಿಡಕ್ಕೆ ಹೋಗುತ್ತಿದ್ದ ನೀರೆಲ್ಲ ಈಗ ಈ ಪುಟ್ಟ ಕುಂಡದ ಪಾಲಾಯಿತು. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು, ಸೋಮವಾರ ಹಾಲೂ ಸೇರಿ. ಜಗಲಿ ಇರುವ ಮೂಲೆಯೋ ಹಗಲಲ್ಲೂ ಕತ್ತಲು. ಮಣ್ಣು ಒಣಗಿದ ಮೇಲೆ ನೀರು ಹಾಕಬೇಕು, ಬೆಳಕು ಬೇಕು ಎಂದು ಹೇಳಿ ಹೇಳಿ ನನಗೆ ಸಾಕಾಯಿತು. "ದೇವರ ನೀರಿಗೆ ಗಿಡ ಸಾಯತೈತೇನು?" ಎನ್ನುವವರ ಮುಂದೆ ನರ್ಸರಿಯವನ ಮಾತು ಎಲ್ಲಿ ನಡೆಯುತ್ತದೆ!

ಕೆಳಗಿನ ಎಲೆಗಳು ಹಳದಿಯಾದವು. ಹೊಸದಾಗಿ ಬಂದ ಎಲೆಯ ಮೇಲೆ ಒಂದು ಗೆರೆಯೂ ಇರಲಿಲ್ಲ. ಅತ್ತೆಯ ಮುಖ ಸಣ್ಣದಾಯಿತು.

"ವಿಭೂತಿ ಅಳಿಸಿಕೊಂಡೈತಿ ನೋಡು. ನನ್ನ ಪೂಜಿಯೊಳಗ ಏನೋ ತಪ್ಪಾಗೈತಿ."

ಸೋಮವಾರದ ಜೊತೆಗೆ ಗುರುವಾರವೂ ಉಪವಾಸ ಹಿಡಿದರು. ಅವರಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಹಸಿದುಕೊಂಡು ಕೂತರೆ ಮಧ್ಯಾಹ್ನದ ಹೊತ್ತಿಗೆ ಕೈ ನಡುಗುತ್ತಿತ್ತು. ನನಗೆ ಹೆದರಿಕೆಯಾಯಿತು. ಚಂದಕ್ಕೆಂದು ತಂದ ಗಿಡ ಮನೆಯ ಹಿರಿಯ ಜೀವಕ್ಕೇ ಸಂಚಕಾರ ತಂದಿತಲ್ಲ ಎಂದು ಅದರ ಮೇಲೂ ಸಿಟ್ಟು ಬಂತು.

"ಅತ್ತಿ, ತಪ್ಪು ಪೂಜಿದ್ದಲ್ರಿ. ನೀರು ಜಾಸ್ತಿ ಆಗೈತಿ, ಬೆಳಕಿಲ್ಲ ಅದಕ್ಕ," ಎಂದು ಒಂದು ದಿನ ದನಿಯೆತ್ತಿಯೇ ಹೇಳಿದೆ.

"ತಗೊಂಡು ಹೋಗು, ಕಿಟಕಿಗೇ ಇಡು. ನನ್ನ ಕೈಯಾಗ ಅದು ಉದ್ಧಾರ ಆಗಂಗಿಲ್ಲ."

ಗೆದ್ದೆ. ಆದರೆ ಆ ದನಿ ಕೇಳಿದ ಮೇಲೆ ಗೆದ್ದ ಖುಷಿಯೇನೂ ಆಗಲಿಲ್ಲ. ಉಪವಾಸವನ್ನಂತೂ ಅವರು ಬಿಡಲಿಲ್ಲ.

ಕೊಳೆತ ಬೇರು ಕತ್ತರಿಸಿ, ಮಣ್ಣಿಗೆ ತೆಂಗಿನ ನಾರು, ಇದ್ದಿಲಿನ ಚೂರು ಬೆರೆಸಿ ಕುಂಡವನ್ನು ಕಿಟಕಿಗೆ ಇಟ್ಟೆ. ಗಿಡ ಚೇತರಿಸಿಕೊಂಡಿತು. ಬೀಡಿಯಂತೆ ಸುತ್ತಿಕೊಂಡ ಚಿಗುರು ಕಂಡಾಗಿನಿಂದ ಹೋಗುತ್ತ ಬರುತ್ತ ನೋಡಿದ್ದೇ ನೋಡಿದ್ದು. ಗೆರೆ ಬಂದರೆ ಸಾಕು, ಅತ್ತೆ ಉಣ್ಣುತ್ತಾರೆ. ಕೊನೆಗೆ ಒಂದು ಗುರುವಾರ ಬೆಳಿಗ್ಗೆ ಎಲೆ ಬಿಚ್ಚಿತು. ಅಪ್ಪಟ ಹಸಿರು, ಗೆರೆಯ ಸುಳಿವೇ ಇಲ್ಲ. ಕಾಣದ ಹಾಗೆ ಪರದೆ ಎಳೆಯಬೇಕು ಅನ್ನುವಷ್ಟರಲ್ಲಿ ಅತ್ತೆ ನನ್ನ ಹಿಂದೆಯೇ ನಿಂತಿದ್ದರು.

ಹತ್ತಿರ ಬಂದು ಬಗ್ಗಿ ನೋಡಿದರು. ಎಳೆ ಎಲೆಯ ತುದಿಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿದರು.

"ಅಲ್ಲಬೇ, ಕೂಸು ವಿಭೂತಿ ಹಚ್ಕೊಂಡ ಹುಟ್ಟತೈತೇನು? ಹುಟ್ಟಿದ ಮ್ಯಾಲೆ ನಾವ ಹಚ್ಚಬೇಕು. ನಿನ್ನ ಗಂಡಗೂ ನಾನ ಹಚ್ಚೀನಿ."

ಜಗಲಿಯಿಂದ ವಿಭೂತಿ ಗಟ್ಟಿ ತಂದು, ಅಂಗೈಯಲ್ಲಿ ನೀರು ಹಾಕಿ ತಿಕ್ಕಿ, ಆ ಹಸಿರೆಲೆಯ ಮೇಲೆ ಮೂರು ಬೆರಳು ಎಳೆದರು. ಗೆರೆಗಳು ಸೊಟ್ಟಸೊಟ್ಟಗೆ ಬಂದವು. ದೂರ ನಿಂತು ನೋಡಿ ತಮಗೆ ತಾವೇ ತಲೆಯಾಡಿಸಿದರು. ಆಮೇಲೆ ಅಡುಗೆಮನೆಯ ಕಡೆ ಹೊರಟು, "ರೊಟ್ಟಿ ಬಡದೀಯೇನು? ಎರಡು ಹಾಕು. ಶೇಂಗಾ ಚಟ್ನಿಗಿ ಎಣ್ಣಿ ಜಾಸ್ತಿ ಬಿಡು," ಎಂದರು.

ಇವತ್ತು ಗುರುವಾರ ಎಂದು ನಾನು ನೆನಪಿಸಲಿಲ್ಲ. ಕಣ್ಣೊರೆಸಿಕೊಂಡು ಹಂಚು ಒಲೆಗಿಟ್ಟೆ.